ರಾತ್ರಿ ಎರಡಕ್ಕೆ ಬಂದ ಉತ್ತರಗಳು

ಎಂ.ಎ. ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರಿಗೆ ನಾನು ಆರಿಸಿಕೊಂಡಿದ್ದ ವಿಷಯ ಕಂಪನಿ ನಾಟಕಗಳ ಪ್ರೇಕ್ಷಕರು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು. 2020ರಲ್ಲಿ ಮಾರ್ಚ್ 3ರಿಂದ 11ರವರೆಗೆ ಇತ್ತು. ಧಾರವಾಡದ ಹಾಸ್ಟೆಲಿನಿಂದ ಊರಿಗೆ ಬಂದು, ನಾಟಕದ ಟೆಂಟುಗಳ ಹೊರಗೆ ನಿಂತು, ಟಿಕೆಟ್ ತೆಗೆಸಿ ಒಳಗೆ ಹೊರಟವರನ್ನು ಮಾತಿಗೆಳೆದು ಒಂದು ನೋಟ್‌ಬುಕ್ ತುಂಬಿಸಿಕೊಂಡಿದ್ದೆ. ಜಾತ್ರೆ ಮುಗಿದ 11ನೇ ತಾರೀಖೇ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಆ ವಾರ ಮುಗಿಯುವುದರೊಳಗೆ ಕಾಲೇಜುಗಳಿಗೆ ರಜೆ, 22ಕ್ಕೆ ಜನತಾ ಕರ್ಫ್ಯೂ, 24ರ ನಡುರಾತ್ರಿಯಿಂದ ಲಾಕ್‌ಡೌನ್. ನಾಟಕವೇ ಇಲ್ಲದ ಮೇಲೆ ಪ್ರೇಕ್ಷಕರನ್ನು ಎಲ್ಲಿಂದ ತರುವುದು?

ಗೈಡ್ ಮೇಡಂ ಫೋನಿನಲ್ಲಿ ಸಿಕ್ಕಿದ್ದು ಏಪ್ರಿಲಿನಲ್ಲಿ. "ನಾಟಕ ಬಿಡವಾ. ನಿಮ್ಮ ಹುಡುಗ್ರು ಈಗ ಮನ್ಯಾಗ ಕುಂತು ಏನ್ ಮಾಡ್ಲಿಕತ್ತಾರ, ಅದನ್ನ ಕೇಳು" ಅಂದರು. ಹಾಗೆ ವಿಷಯ ಬದಲಾಯಿತು. ಕೋವಿಡ್ ಹೊತ್ತಿನಲ್ಲಿ ಉತ್ತರ ಕನ್ನಡದ ಸ್ನಾತಕೋತ್ತರ ವಿದ್ಯಾರ್ಥಿಗಳ ಒತ್ತಡ, ಬಿಡುವಿನಲ್ಲಿ ಅವರು ಮಾಡುವ ಕೆಲಸ. ಮೊದಲ ವಿಷಯಕ್ಕಿಂತ ಇದು ಸುಲಭ ಅಂದುಕೊಂಡೆ. ಎಲ್ಲರೂ ಮನೆಯಲ್ಲೇ ಇದ್ದಾರೆ, ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರಿಗೂ ಹೊತ್ತು ಹೋಗುತ್ತಿಲ್ಲ.

ಆಗ ಪೇಪರು, ಟಿವಿ ಎಲ್ಲ ಕಡೆ ಒಂದೇ ಉಪದೇಶ ನಡೆದಿತ್ತು. ಸಿಕ್ಕಿದ ಸಮಯದಲ್ಲಿ ಹೊಸ ಹವ್ಯಾಸ ಬೆಳೆಸಿಕೊಳ್ಳಿ, ಒತ್ತಡ ತಾನಾಗಿ ಇಳಿಯುತ್ತದೆ. ನನ್ನ ಊಹೆಯೂ ಅದರ ಆಸುಪಾಸೇ ಇತ್ತು. ಬಿಡುವಿನ ಗಂಟೆ ಹೆಚ್ಚಿದ್ದವರಿಗೆ ಒತ್ತಡ ಕಡಿಮೆ ಇರಬಹುದು ಎಂದು ಪ್ರಬಂಧದ ಮೊದಲ ಪುಟದಲ್ಲಿ ಬರೆದು ಮೇಡಂಗೆ ಕಳಿಸಿಯೂ ಇದ್ದೆ. ಊಹೆ ಸುಳ್ಳಾದರೆ ತಪ್ಪೇನಿಲ್ಲ, ಸುಳ್ಳೆಂದು ತೋರಿಸುವುದೂ ಸಂಶೋಧನೆಯೇ ಎಂಬುದು ಅವರ ಪಾಠ.

ಒತ್ತಡ ಅಳೆಯಲು ಮನಃಶಾಸ್ತ್ರ ವಿಭಾಗದ ಸರ್ ಒಬ್ಬರು ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ ಹೇಳಿಕೊಟ್ಟರು. ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1983ರಲ್ಲಿ ಪ್ರಕಟಿಸಿದ ಅಳತೆ ಅದು. ಮೊದಲು 14 ಪ್ರಶ್ನೆಗಳಿದ್ದವು, ಈಗ ಹೆಚ್ಚಾಗಿ ಬಳಸುವುದು 10 ಪ್ರಶ್ನೆಗಳದ್ದು. ಕಳೆದ ಒಂದು ತಿಂಗಳಲ್ಲಿ ಹೀಗೆ ಎಷ್ಟು ಸಲ ಅನ್ನಿಸಿತು ಎಂದು ಕೇಳಿ, 'ಎಂದೂ ಇಲ್ಲ'ಕ್ಕೆ ಸೊನ್ನೆ, 'ಬಹಳ ಸಲ'ಕ್ಕೆ ನಾಲ್ಕು ಹಾಕುತ್ತಾ ಹೋಗಬೇಕು. ನಾಲ್ಕನೆಯದು, ಐದನೆಯದು, ಏಳನೆಯದು, ಎಂಟನೆಯದು ಮಾತ್ರ ಒಳ್ಳೆಯ ಅನುಭವದ ಪ್ರಶ್ನೆಗಳು; ಅವುಗಳ ಅಂಕವನ್ನು ತಿರುಗಿಸಿ ಕೂಡಬೇಕು. ಗರಿಷ್ಠ 40. ಸಾಮಾನ್ಯವಾಗಿ 13ರವರೆಗೆ ಕಡಿಮೆ, 26ರವರೆಗೆ ಮಧ್ಯಮ, ಅದರ ಮೇಲೆ ಹೆಚ್ಚು ಎಂದು ಹಿಡಿಯುತ್ತಾರೆ. ಇದರಿಂದ ಯಾರಿಗೂ ಕಾಯಿಲೆ ಇದೆ, ಇಲ್ಲ ಎಂದು ಹೇಳುವಂತಿಲ್ಲ. ಬದುಕು ಊಹೆಗೆ ಸಿಗದ ಹಾಗೆ, ಕೈಗೆ ಸಿಗದ ಹಾಗೆ, ಹೊರಲಾರದ ಹಾಗೆ ಅನ್ನಿಸುತ್ತಿದೆಯೇ ಎಂಬುದಷ್ಟೇ ಅದರ ಕೇಳ್ವಿ. ಆ ಮೂರು ಮಾತು ಆಗ ನನಗೆ ಪುಸ್ತಕದ ಸಾಲಾಗಿಯೇ ಇತ್ತು.

ಕನ್ನಡಕ್ಕೆ ತಂದದ್ದು ನಾನು ಮತ್ತು ಕುಮಟಾದ ಗೆಳತಿ. ನಾನು ಕನ್ನಡಕ್ಕೆ ಮಾಡಿದ್ದನ್ನು ಅವಳು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ಮಾಡುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ಸರ್ ತಿದ್ದುವುದು. ಮೊದಲ ಪ್ರಯೋಗ ಮನೆಯವರ ಮೇಲೇ ಆಯಿತು. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತಾಗ ಕೇಳಿದೆ: ಬದುಕಿನ ಮುಖ್ಯ ಸಂಗತಿಗಳು ನಿಮ್ಮ ಹಿಡಿತದಲ್ಲಿಲ್ಲ ಅಂತ ಎಷ್ಟು ಸಲ ಅನ್ನಿಸಿತು? "ಮಳೆ ಯಾರ ಕೈಯಲ್ಲಿದ್ದೇ ತಂಗಿ?" ಅಂದ ಅಪ್ಪ, ಕವಳದ ಬಟ್ಟಲು ಎಳೆದುಕೊಂಡ. ಆಯಿಯ ಮಾತು ಬೇರೆ. "ಮನೇಲಿ ಕೂತ್ಗಂಡು ಉಂಬವ್ಕೆ ಎಂತಾ ಟೆನ್ಶನ್ನೇ?" ಹುಡುಗರಿಗೆ ಒತ್ತಡ ಅನ್ನುವುದೇ ನಮ್ಮ ಕಡೆ ಹಿರಿಯರಿಗೆ ನಗೆಮಾತು.

ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್ ಗುಂಪುಗಳಿಗೆ ಬಿಟ್ಟದ್ದು ಮೇ ತಿಂಗಳಲ್ಲಿ. ಬಿಟ್ಟದ್ದು ಅಂದರೆ ಸುಮ್ಮನೆ ಅಲ್ಲ. ನಮ್ಮೂರು ಶಿರಸಿಯಿಂದ ವಾನಳ್ಳಿ ಕಡೆಗೆ, ಮನೆಯಲ್ಲಿ ನೆಟ್‌ವರ್ಕಿನ ಒಂದು ಕಡ್ಡಿ ಬಂದರೆ ಹಬ್ಬ. ಊರಿನ ಹುಡುಗರು ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ನಾಲ್ಕು ಗೂಟ ನೆಟ್ಟು, ಮೇಲೆ ತಾಡಪಾಲು, ಅದರ ಮೇಲೆ ಅಡಕೆ ಸೋಗೆ ಹೊದೆಸಿ ಒಂದು ಮಾಡು ಕಟ್ಟಿಕೊಂಡಿದ್ದರು. ಬೆಂಗಳೂರಿನಿಂದ ಬಂದ ಅಣ್ಣಂದಿರ ಆಫೀಸು ಅಲ್ಲೇ, ಪಿಯುಸಿ ಮಕ್ಕಳ ಕ್ಲಾಸು ಅಲ್ಲೇ, ನನ್ನ ಸಂಶೋಧನೆಯೂ ಅಲ್ಲೇ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಉಂಬಳದ, ಅಂದರೆ ನೆಲದ ಜಿಗಣೆಯ ಕಾಟ. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿಕೊಂಡು ಹತ್ತಬೇಕು. ಯಾರಾದರೂ ವಿಡಿಯೋ ಮೀಟಿಂಗಿನ ನಡುವೆ ದಡಕ್ಕನೆ ಎದ್ದು ಪ್ಯಾಂಟು ಕೊಡವಿದರೆ ಕಾರಣ ಕೇಳುವವರಿಲ್ಲ.

ಅಲ್ಲಿ ಕೂತಾಗಲೇ ಒಂದು ಅನುಮಾನ ಬಂತು. ಫಾರ್ಮ್ ತುಂಬುವವರು ಯಾರು? ನೆಟ್‌ವರ್ಕ್ ಇದ್ದವರು. ಶಿರಸಿ, ಕುಮಟಾ, ಕಾರವಾರ ಪೇಟೆಯವರ ಉತ್ತರ ಬರುತ್ತಿತ್ತು. ಜೋಯಿಡಾ, ಯಲ್ಲಾಪುರದ ಹಳ್ಳಿಗಳಿಂದ ಒಂದೂ ಇಲ್ಲ. ಒತ್ತಡದ ದೊಡ್ಡ ಕಾರಣವೇ ನೆಟ್‌ವರ್ಕ್ ಆಗಿದ್ದಾಗ, ಅದಿಲ್ಲದವರನ್ನು ಬಿಟ್ಟು ಒತ್ತಡ ಅಳೆಯುವುದು ಎಂಥ ಅಳತೆ? ಹಾಗಾಗಿ ಅಂಥವರಿಗೆ ಫೋನು ಮಾಡಿ ಪ್ರಶ್ನೆ ಓದಿ ಹೇಳಿ ನಾನೇ ತುಂಬುವುದು ಎಂದಾಯಿತು. ಒಬ್ಬರಿಂದ ಇನ್ನೊಬ್ಬರ ನಂಬರು. ಕೆಲವರ ಮನೆಯಲ್ಲಿ ಲ್ಯಾಂಡ್‌ಲೈನ್ ಇನ್ನೂ ಜೀವಂತವಿತ್ತು, ಅದೇ ಹೆಚ್ಚು ನಂಬಿಕೆಯದು. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ಮುಗಿಯುವವರೆಗೆ ಮಾತ್ರ ಮೊಬೈಲು. ಆಮೇಲೆ ಇಡೀ ಸೀಮೆ ಮೌನ.

ಫಾರ್ಮಿನಲ್ಲಿ ಬಂದ ಉತ್ತರಗಳನ್ನು ಎಕ್ಸೆಲ್‌ಗೆ ಇಳಿಸಿದಾಗ ನಾನು ಕೇಳದೇ ಬಂದ ಒಂದು ಕಾಲಂ ಇತ್ತು. ಮೊದಲನೆಯದೇ. ಉತ್ತರ ಕಳಿಸಿದ ದಿನಾಂಕ, ಗಂಟೆ, ನಿಮಿಷ. 1:47, 2:12, 2:50, 3:05. ಮೊದಲು ಗಡಿಯಾರದ್ದೇನೋ ಗಡಿಬಿಡಿ ಅಂದುಕೊಂಡು ನನ್ನದೇ ಒಂದು ಉತ್ತರ ಹಾಕಿ ನೋಡಿದೆ, ಸರಿಯಾಗಿತ್ತು. ರಾತ್ರಿ ಸ್ಪೀಡು ಚೆನ್ನಾಗಿರುತ್ತದೆ ಎಂಬುದು ಒಂದು ಕಾರಣ, ಒಪ್ಪಿದೆ. ಆದರೆ ಪೇಟೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರದೂ ಅದೇ ಹೊತ್ತು. 'ದಿನಕ್ಕೆ ಎಷ್ಟು ಗಂಟೆ ನಿದ್ದೆ' ಎಂಬ ಪ್ರಶ್ನೆಗೆ ಅದೇ ಜನ ಏಳು, ಎಂಟು ಎಂದು ಒತ್ತಿದ್ದರು. ಅದೂ ಸುಳ್ಳಲ್ಲ. ಬೆಳಗಿನ ಜಾವಕ್ಕೆ ಮಲಗಿ ಹನ್ನೊಂದಕ್ಕೆ ಎದ್ದರೆ ಏಳೇ ಆಗುತ್ತದೆ.

'ದಿನಕ್ಕೆ ಎಷ್ಟು ಗಂಟೆ ಬಿಡುವು' ಎಂಬ ಪ್ರಶ್ನೆಯೂ ಹಾಗೇ ಕೈಕೊಟ್ಟಿತು. ಹತ್ತು ಎಂದವರಿದ್ದರು, ಹದಿನಾಲ್ಕು ಎಂದವರಿದ್ದರು, 'ಪೂರಾ ದಿನ' ಎಂದು ಬರೆದವರೂ ಇದ್ದರು. ಅಂಕಿಯಲ್ಲಿ ಹಿಡಿಯಲಾಗದ್ದು ಇಲ್ಲೇನೋ ಇದೆ ಅನ್ನಿಸಿ ಮೇಡಂಗೆ ಕೇಳಿದೆ. ಅವರು ಹಳೆಯ ಉಪಾಯವೊಂದನ್ನು ಹೇಳಿದರು. ಗಂಟೆ ಕೇಳಬೇಡ, ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ ಎಂದು ದಿನಚರಿ ಕೇಳು. ಯಾವುದು ಬಿಡುವು ಎಂಬುದನ್ನು ಅವರ ಬಾಯಿಂದಲೇ ಗುರುತು ಹಾಕಿಸು. ಪ್ರಬಂಧಕ್ಕೆ ಜೀವ ಬಂದದ್ದು ಅಲ್ಲಿಂದ.

ದಿನಚರಿಗಳಲ್ಲಿ ಹೆಚ್ಚಿನವು ಹೀಗಿದ್ದವು: ಎದ್ದದ್ದು, ಫೋನು. ತಿಂಡಿ, ಫೋನು. ಕ್ಲಾಸು, ಅದೂ ಫೋನೇ. ಕ್ಲಾಸಿನ ನಡುವೆ ಲೂಡೊ, ಪಬ್ಜಿ, ಯಾರದೋ ಸ್ಟೇಟಸ್ಸು. ಊಟ. ಮಲಗಿ ವೆಬ್ ಸೀರೀಸು. ಸಂಜೆ ಕೊರೊನಾ ಅಂಕಿಸಂಖ್ಯೆಯ ಬುಲೆಟಿನ್, ಜಿಲ್ಲೆಯಲ್ಲಿ ಇವತ್ತೆಷ್ಟು. ರಾತ್ರಿ ಮತ್ತೆ ಗೆಳೆಯರೊಡನೆ ಆಟ. ಪಾಠ, ಆಟ, ಭಯ, ಹರಟೆ ಎಲ್ಲ ಒಂದೇ ಅಂಗೈಯಗಲದ ಗಾಜಿನಲ್ಲಿ. ಇದರಲ್ಲಿ ಬಿಡುವು ಯಾವುದು ಎಂದರೆ ಬಹಳ ಜನ ತಡವರಿಸಿದರು. ಒಬ್ಬ ಎಂ.ಕಾಂ. ಹುಡುಗ ನೇರ ಹೇಳಿದ, "ಅಕ್ಕಾ, ಬಿಡುವಾಗಬೇಕಾದರೆ ಮೊದಲು ಏನಾದರೂ ಕೆಲಸ ಇರಬೇಕಲ್ಲ." ಕೆನಡಾದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬಿನ್ಸ್ ಕಾಲಹರಣದ ಬಿಡುವು ಮತ್ತು ಪಟ್ಟುಹಿಡಿದು ಅಭ್ಯಾಸ ಮಾಡುವ ಬಿಡುವು ಎಂದು ಎರಡು ಬಗೆ ಮಾಡಿದ್ದಾರೆ, ನಾನೂ ಆ ಎರಡು ಕಾಲಂ ಹಾಕಿದ್ದೆ. ಈ ಹುಡುಗನನ್ನು ಯಾವುದಕ್ಕೆ ಸೇರಿಸುವುದು?

ಕಾರವಾರದ ಬೈತಖೋಲದ ಇನ್ನೊಬ್ಬ ನನ್ನ ಕಾಲಂಗಳನ್ನು ಇನ್ನೂ ಕೆಡಿಸಿದ. ಮನೆಯವರದು ಮೀನುಗಾರಿಕೆ. ಲಾಕ್‌ಡೌನಿನಲ್ಲಿ ದೋಣಿ ದಡಕ್ಕೆ, ಅದು ಸಡಿಲುವ ಹೊತ್ತಿಗೆ ಮಳೆಗಾಲದ ನಿಷೇಧ. ಗೋವಾದಲ್ಲಿ ಕೆಲಸಕ್ಕಿದ್ದ ಅವನ ಅಣ್ಣ ಪೋಳೆಂ ಗಡಿಯ ಆಚೆ ಸಿಕ್ಕಿಬಿದ್ದಿದ್ದ. ಇವನು ಭರತ–ಇಳಿತ ನೋಡಿಕೊಂಡು ಕಾಳಿ ನದಿಯ ಅಳಿವೆಗೆ ಹೋಗುತ್ತಿದ್ದ, ಒಂದು ದಿನ ಗಾಳ, ಒಂದು ದಿನ ಬೀಸುಬಲೆ. ದಿನಚರಿಯಲ್ಲಿ ಅದರ ಮುಂದೆ 'ಬಿಡುವು' ಎಂದು ಗುರುತು ಹಾಕಿಸಿದ. ಸಿಕ್ಕ ಮೀನೇನು ಮಾಡುತ್ತೀಯ ಎಂದೆ. "ಸಾರು. ಮತ್ತೇನು? ಪೇಟೆ ಬಂದಾಗಿದೆ, ಮನೆಗೆ ಅದೇ ಊಟ." ಹಾಗಾದರೆ ಅದು ಕೆಲಸವಲ್ಲವೇ? ನಕ್ಕ. "ಅಪ್ಪ ಹೋದರೆ ಕೆಲಸ. ನಾನು ಹೋದರೆ ಟೈಂಪಾಸು." ಅವನ ಅಂಕ ನನ್ನ ಪಟ್ಟಿಯಲ್ಲಿ ತೀರ ಕೆಳಗಿನವುಗಳಲ್ಲಿ ಒಂದು. ಮನೆಯ ಆದಾಯ ನಿಂತಿದೆ, ಅಣ್ಣ ಬರುವಂತಿಲ್ಲ, ಪರೀಕ್ಷೆ ಯಾವಾಗಲೋ ಗೊತ್ತಿಲ್ಲ. ಆದರೂ ನಾಳೆ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಮಾತ್ರ ಅವನಿಗೆ ಖಚಿತವಾಗಿ ಗೊತ್ತಿತ್ತು.

ಭಟ್ಕಳದ ವಿದ್ಯಾರ್ಥಿಯೊಬ್ಬನೊಡನೆ ಮಾತಾಡಿದ್ದು ಈ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಿತು. ಮಾರ್ಚ್ ಕೊನೆಯಿಂದಲೇ ಜಿಲ್ಲೆಯ ಕೊರೊನಾ ಸುದ್ದಿಯೆಂದರೆ ಭಟ್ಕಳ. ಸೋಂಕು ಬಂದವರನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು, ಊರು ಸೀಲ್ ಆಗಿತ್ತು. ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ತನ್ನ ಊರಿನ ಹೆಸರು ಹಿಡಿದು ಮಾಡಿದ ಜೋಕುಗಳನ್ನು ಅವನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದ. ಯಾಕೆ ಇಟ್ಟುಕೊಂಡೆ ಎಂದರೆ ಅವನಿಗೂ ಗೊತ್ತಿಲ್ಲ. ಏಪ್ರಿಲ್ ಮೊದಲರ್ಧ ನಿದ್ದೆಯಿಲ್ಲದೆ ತಾರಸಿ ಮೇಲೆ ತಿರುಗುತ್ತಿದ್ದನಂತೆ. ಏಪ್ರಿಲ್ ಕೊನೆಯ ವಾರ ರಂಜಾನ್ ಶುರುವಾಯಿತು. ಮಸೀದಿಗೆ ಹೋಗುವಂತಿಲ್ಲ, ಇಫ್ತಾರಿಗೆ ಯಾರನ್ನೂ ಕರೆಯುವಂತಿಲ್ಲ. "ಅದು ಬೇಜಾರೇ. ಆದರೆ ನಿದ್ದೆ ಬರಲಿಕ್ಕೆ ಶುರುವಾದದ್ದು ಆವಾಗಲೇ" ಅಂದ. ಸಹರಿಗೆ ಏಳಬೇಕು, ಇಷ್ಟು ಹೊತ್ತಿಗೆ ನಮಾಜು, ಇಷ್ಟು ಹೊತ್ತಿಗೆ ಅಮ್ಮನ ಜೊತೆ ಅಡುಗೆಮನೆ, ಸರಿಯಾಗಿ ಈ ನಿಮಿಷಕ್ಕೆ ಖರ್ಜೂರ. ಹಬ್ಬ ಮುಗಿದ ಮೇಲೆ ಮತ್ತೆ ಹಳೆಯದೇ ಪಾಡು ಎಂದೂ ಸೇರಿಸಿದ.

ಇನ್ನು ನಮ್ಮ ಸೀಮೆಯ ತಾಳಮದ್ದಳೆಯ ಸುದ್ದಿ. ವೇಷ, ಕುಣಿತ ಇಲ್ಲದೆ, ಹಾಡು ಮತ್ತು ಪಾತ್ರಗಳ ವಾದದ ಮಾತಿನಲ್ಲೇ (ಅದಕ್ಕೆ ಅರ್ಥ ಎನ್ನುತ್ತಾರೆ) ಕೂತು ನಡೆಸುವ ಯಕ್ಷಗಾನ ಅದು. ಆ ವರ್ಷ ಯಕ್ಷಗಾನ ಮೇಳಗಳ ತಿರುಗಾಟ ಮಾರ್ಚಿನಲ್ಲೇ ನಿಂತುಹೋಗಿತ್ತು. ಶಿರಸಿ, ಸಿದ್ದಾಪುರದ ಕೆಲವು ಹುಡುಗರು ಸೇರಿ ಗೂಗಲ್ ಮೀಟಿನಲ್ಲಿ ತಾಳಮದ್ದಳೆ ಶುರುಮಾಡಿದ್ದರು. ಮೊದಲ ಸಲ ಹಾಸ್ಯವೇ ಆಯಿತಂತೆ. ಭಾಗವತ ಒಂದೂರಲ್ಲಿ, ಮದ್ದಳೆ ಇನ್ನೊಂದೂರಲ್ಲಿ. ಇಲ್ಲಿ ತಾಳ ಹಾಕಿದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪದ್ಯ ಒಂದು ಸಾಲು ಮುಂದೆ ಹೋಗಿರುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ದನಿ ಅರೆಕ್ಷಣ ತಡವಾದರೂ ಮಾತಿಗೆ ತೊಂದರೆಯಿಲ್ಲ, ತಾಳಕ್ಕೆ ಅದೇ ಸಾವು. ಕೊನೆಗೆ ಭಾಗವತಿಕೆ ಬಲ್ಲ ಅಣ್ಣ, ಮದ್ದಳೆ ಬಲ್ಲ ತಮ್ಮ ಇರುವ ಒಂದೇ ಮನೆಯನ್ನು ಹುಡುಕಿ ಹಿಮ್ಮೇಳ ಅಲ್ಲಿಗೆ ವಹಿಸಿದರು. ಅರ್ಥ ಹೇಳುವವರು ತಂತಮ್ಮ ಬೆಟ್ಟದ ಮೇಲಿಂದ. ವಾರಕ್ಕೊಂದು ಪ್ರಸಂಗ, ಶನಿವಾರ ಸಂಜೆ. ಅರ್ಥಕ್ಕೆ ತಯಾರಿ ಬೇಕು, ಎದುರಾಳಿ ಏನು ಕೇಳಿಯಾನು ಎಂದು ಮನೆಯಲ್ಲಿ ಹಳೆಯ ಪ್ರಸಂಗ ಪುಸ್ತಕ ತೆಗೆದು ಕೂರಬೇಕು. ಅವರಲ್ಲೊಬ್ಬನ ದಿನಚರಿಯಲ್ಲಿ ಬುಧವಾರದಿಂದಲೇ ಶನಿವಾರದ ಮಾತು ಶುರುವಾಗುತ್ತಿತ್ತು. ಮಾತಿನಲ್ಲಿ ಸೋತ ವಾರ ಒತ್ತಡ ಆಗಲಿಲ್ಲವೇ ಎಂದು ಕೇಳಿದರೆ, "ಆತು. ಆದ್ರೆ ಅದು ಬೇರೆ ನಮೂನಿ" ಅಂದ.

ಹುಡುಗಿಯರ ದಿನಚರಿಗಳನ್ನು ಬೇರೆ ಕಡತದಲ್ಲಿ ಇಡಬೇಕಾಗಿ ಬಂತು, ಅವು ಓದಲಿಕ್ಕೇ ಬೇರೆ ಥರ. ಏಪ್ರಿಲ್–ಮೇ ಅಂದರೆ ಘಟ್ಟದ ಮೇಲೆ ಹಲಸಿನ ಹಪ್ಪಳದ ಕಾಲ. ನಮ್ಮ ಮನೆಯದನ್ನೇ ಹೇಳುತ್ತೇನೆ. ಬೆಳಗ್ಗೆ ಸೊಳೆ ಬಿಡಿಸಿ ಬೇಯಿಸಿ, ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿ ಒತ್ತಿ, ಅಂಗಳದ ಚಾಪೆಯ ಮೇಲೆ ಹರವಿ, ಕಾಗೆ ಕಾಯಬೇಕು. ಕಾಗೆ ಕಾಯುವುದು ಬಿಡುವಿನ ಕೆಲಸ ಎಂದು ಮನೆಯವರ ಲೆಕ್ಕ. ಕೈಯಲ್ಲಿ ಫೋನು ಹಿಡಿದು ಕ್ಲಾಸು ಕೇಳುತ್ತ ಕಾಗೆ ಓಡಿಸಬಹುದಲ್ಲ! ಹೆಗಡೆಕಟ್ಟಾ ಕಡೆಯ ಎಂ.ಎಸ್ಸಿ. ಹುಡುಗಿಯೊಬ್ಬಳ ದಿನಚರಿಯಲ್ಲಿ 'ಬಿಡುವು' ಎಂದು ಗುರುತು ಹಾಕಿದ್ದು ಒಂದೇ ಜಾಗದಲ್ಲಿ: ರಾತ್ರಿ ಹನ್ನೊಂದೂವರೆಯಿಂದ ಎರಡರವರೆಗೆ. ಪಾತ್ರೆ ತೊಳೆದು, ಎಲ್ಲರೂ ಮಲಗಿದ ಮೇಲೆ. ಏನು ಮಾಡುತ್ತೀ ಎಂದೆ. ಹೊಲಿಗೆ ಇಲ್ಲ, ಓದು ಇಲ್ಲ, ಸಿನಿಮಾ ನೋಡಿದರೂ ನೋಡಿದಳು ಇಲ್ಲದಿದ್ದರೆ ಇಲ್ಲ. "ಆ ಹೊತ್ತಿಗೆ ನನ್ನ ಯಾರೂ ಕರೀತ್ವಿಲ್ಲೆ, ಅದ್ಕೇ ಎಚ್ಚರಿರ್ತಿ." ಆಗ ನನ್ನ ಎಕ್ಸೆಲಿನ ಮೊದಲ ಕಾಲಂ ಅರ್ಥವಾಯಿತು. ರಾತ್ರಿ ಎರಡಕ್ಕೆ ಬಂದ ಉತ್ತರಗಳನ್ನು ಮತ್ತೆ ತೆಗೆದು ನೋಡಿದೆ, ಅರ್ಧಕ್ಕೂ ಮಿಕ್ಕಿ ಹುಡುಗಿಯರವು. ನಿದ್ದೆಗೆಡುವುದು ಕೆಟ್ಟ ಅಭ್ಯಾಸ ಎಂದು ಪ್ರಬಂಧದಲ್ಲಿ ಬರೆಯಲು ಇಟ್ಟುಕೊಂಡಿದ್ದ ಪ್ಯಾರಾ ಅಳಿಸಿದೆ.

ಅಂಕೋಲೆಯ ಇನ್ನೊಬ್ಬಳಿಗೆ ಆ ಎರಡೂವರೆ ಗಂಟೆಯೂ ಇರಲಿಲ್ಲ. ಮದುವೆಗೆ 50 ಜನ ಮಾತ್ರ ಎಂಬ ನಿಯಮ ಬಂದದ್ದೇ ತಡ, ಖರ್ಚು ಉಳಿಯುತ್ತದೆ ಎಂದು ಅವಳ ಮನೆಯಲ್ಲಿ ಮದುವೆ ಮುಂದಕ್ಕೆ ತಂದಿದ್ದರು. ಓದು ಮುಗಿದಿಲ್ಲ, ಹುಡುಗನನ್ನು ಸರಿಯಾಗಿ ನೋಡಿಲ್ಲ. ಹತ್ತು ಪ್ರಶ್ನೆಯನ್ನೂ ನಿಧಾನ ಕೇಳಿ ಉತ್ತರಿಸಿದಳು, ಬಿಡುವಿನ ಪ್ರಶ್ನೆ ಬಂದಾಗ "ಅದು ಖಾಲಿ ಬಿಡು" ಅಂದಳು. ಖಾಲಿ ಬಿಟ್ಟಿದ್ದೇನೆ, ಈಗಲೂ ಆ ಹಾಳೆ ಹಾಗೇ ಇದೆ.

ಈ ನಡುವೆ ದೇಶದಲ್ಲಿ ಆಗುತ್ತಿದ್ದದ್ದೆಲ್ಲ ನನ್ನ ಪ್ರಶ್ನಾವಳಿಗೆ ಬಂದು ಬಡಿಯುತ್ತಿತ್ತು. ಹವ್ಯಾಸಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಎಂದು ಒಂದು ಆಯ್ಕೆ ಇತ್ತು. ಜೂನ್ 29ಕ್ಕೆ ಸರಕಾರ ಅದನ್ನು ನಿಷೇಧಿಸಿತು. ಹಳಿಯಾಳದ ಹುಡುಗನೊಬ್ಬ ತನ್ನ ವಿಡಿಯೋಗಳೆಲ್ಲ ಹೋದವು ಎಂದು ಊಟ ಬಿಟ್ಟಿದ್ದ. ಮನೆಯವರಿಗೆ ಅದು ಹುಚ್ಚಾಟ, ಅವನಿಗೆ ವರ್ಷದ ಶ್ರಮ. ನನಗನ್ನಿಸುವುದು, ಸ್ಟೆಬಿನ್ಸ್ ಹೇಳಿದ ಪಟ್ಟುಹಿಡಿದ ಅಭ್ಯಾಸ ಅವನದೂ ಹೌದು. ಮೂವತ್ತು ಸೆಕೆಂಡಿನ ಕುಣಿತಕ್ಕೆ ಅವನು ಇಡೀ ಮಧ್ಯಾಹ್ನ ಸುರಿಯುತ್ತಿದ್ದ.

ಪರೀಕ್ಷೆಯದು ಇನ್ನೂ ದೊಡ್ಡ ಕತೆ. ಯುಜಿಸಿ ಏಪ್ರಿಲ್ 29ಕ್ಕೆ ಒಂದು ಮಾರ್ಗಸೂಚಿ ಕೊಟ್ಟಿತು. ಜುಲೈ 6ಕ್ಕೆ ಬದಲಿಸಿ, ಕೊನೆಯ ವರ್ಷದವರಿಗೆ ಸೆಪ್ಟೆಂಬರ್ ಮುಗಿಯುವುದರೊಳಗೆ ಪರೀಕ್ಷೆ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ದಾವೆ ನಡೆದು, ಆಗಸ್ಟ್ 28ಕ್ಕೆ ಪರೀಕ್ಷೆಯಿಲ್ಲದೆ ಪದವಿಯಿಲ್ಲ ಎಂದು ಇತ್ಯರ್ಥವಾಯಿತು. ಪರೀಕ್ಷೆ ರದ್ದಾಗಲಿ ಎಂದು ಹರಕೆ ಹೊತ್ತವರಲ್ಲಿ ನಾನೂ ಒಬ್ಬಳು. ತೀರ್ಪಿನ ನಂತರ ಕೆಲವರಿಗೆ ಮತ್ತೆ ಫೋನು ಮಾಡಿದೆ, ಬೈಗುಳ ಕೇಳುವ ತಯಾರಿಯಲ್ಲೇ. ಬೈದರು, ಆದರೆ ದನಿ ಹಗುರಾಗಿತ್ತು. ಟೈಂಟೇಬಲ್ ಬಂತು, ನೋಟ್ಸ್ ಹುಡುಕುತ್ತಿದ್ದೇನೆ, ಧಾರವಾಡಕ್ಕೆ ಬಸ್ಸು ಯಾವುದಿದೆ ಎಂಬ ಮಾತುಗಳು. ಬೈತಖೋಲದವನ ಇಳಿತ, ಭಟ್ಕಳದವನ ಇಫ್ತಾರು, ಶನಿವಾರದ ತಾಳಮದ್ದಳೆ, ಈಗ ಈ ಟೈಂಟೇಬಲ್ಲು. ಬೇಡವಾದದ್ದೇ ಆದರೂ ಯಾವಾಗ ಬರುತ್ತದೆಂದು ಗೊತ್ತಾದರೆ ಜನ ತಡೆದುಕೊಳ್ಳುತ್ತಾರೆ. ಕೋಹೆನ್ ಅವರ ಆ ಮೂರು ಮಾತುಗಳಲ್ಲಿ ಮೊದಲನೆಯದು, ಊಹೆಗೆ ಸಿಗದಿರುವುದು, ನಮ್ಮ ಹುಡುಗರನ್ನು ಉಳಿದೆರಡಕ್ಕಿಂತ ಹೆಚ್ಚು ತಿಂದಿತ್ತು. ಹವ್ಯಾಸಗಳಲ್ಲೂ ಹೊತ್ತು ಗೊತ್ತಿದ್ದದ್ದು, ಆಚೆ ತುದಿಯಲ್ಲಿ ಯಾರೋ ಕಾಯುತ್ತಿದ್ದದ್ದು ಕೆಲಸಕ್ಕೆ ಬಂದಿತ್ತು. ಉಳಿದದ್ದರಿಂದ ಹೊತ್ತು ಹೋಯಿತು, ಅಷ್ಟೇ.

ಒಂದು ಕರೆಯ ಬಗ್ಗೆ ಬರೆಯಲೇಬೇಕು. ಊರು ಹೇಳುವುದಿಲ್ಲ. 'ಕಷ್ಟಗಳು ದಾಟಲಾರದಷ್ಟು ಪೇರಿಕೊಂಡಿವೆ ಅನ್ನಿಸಿತೇ' ಎಂಬುದು ಹತ್ತನೆಯ ಪ್ರಶ್ನೆ. ಆ ಹುಡುಗ ಸ್ವಲ್ಪ ನಕ್ಕ. "ನೀನು ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ನಾನಿರ್ತೇನೋ ಇಲ್ವೋ" ಅಂದ. ಇಂಥದ್ದು ಬಂದರೆ ಏನು ಮಾಡಬೇಕೆಂದು ಸರ್ ಮೊದಲೇ ಹೇಳಿಕೊಟ್ಟಿದ್ದರು: ಸಮೀಕ್ಷೆ ಅಲ್ಲಿಗೇ ನಿಲ್ಲಿಸು. ಸುತ್ತಿಬಳಸದೆ ಕೇಳು, ಸಾಯುವ ಯೋಚನೆ ಬರುತ್ತಿದೆಯೇ ಎಂದು. ಕೇಳಿದರೆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಫೋನು ಇಡಬೇಡ, ಹತ್ತಿರದವರು ಯಾರಿದ್ದಾರೆ ಕೇಳು. ಕೇಳಿದೆ. ಹೌದು ಅಂದ. ಬೆಟ್ಟದ ಮೇಲೆ ಮಳೆ ಹೊಡೆಯುತ್ತಿತ್ತು. ಸಿಗ್ನಲ್ ಹೋದರೆ ಎಂಬ ಭಯಕ್ಕೆ ಮಾಡಿನ ಹೊರಗೆ, ಕಡ್ಡಿ ಗಟ್ಟಿಯಿರುವ ಕಲ್ಲಿನ ಮೇಲೆ ನಿಂತೇ ಮಾತಾಡಿದೆ. ಅವನು ಒಪ್ಪಿದ ಮೇಲೆ ಅವನ ಚಿಕ್ಕಪ್ಪನ ಮಗನಿಗೆ ತಿಳಿಸಿದೆ, ಆತ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಹೋಗಿ ಮುಟ್ಟಿದ. ಮಾರ್ಚ್ ಕೊನೆಯಲ್ಲೇ ನಿಮ್ಹಾನ್ಸ್ ಶುರುಮಾಡಿದ್ದ ಸಹಾಯವಾಣಿಯ ನಂಬರು, 080-46110007, ಇಬ್ಬರಿಗೂ ಕಳಿಸಿದೆ. ಈಗಾದರೆ 14416 ಇದೆ. ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಶುರುವಾದದ್ದು, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಆ ಹುಡುಗನ ಉತ್ತರಗಳನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಅವನು ಈಗ ಕೆಲಸದಲ್ಲಿದ್ದಾನೆ, ಯುಗಾದಿಗೆ ಮೆಸೇಜು ಮಾಡುತ್ತಾನೆ.

ಅಂಕಿ ಕೂಡಿದ್ದು, ಟೇಬಲ್ ಹಾಕಿದ್ದು, ಮೇಡಂ ಕೆಂಪಿನಲ್ಲಿ ಗೀಚಿದ್ದು ಎಲ್ಲ ಪ್ರಬಂಧಗಳ ಹಾಗೇ. ಬಿಡುವಿನ ಗಂಟೆಗೂ ಒತ್ತಡದ ಅಂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ; ಹೆಚ್ಚಿನವರು ಮಧ್ಯಮ ಒತ್ತಡದ ಪಂಕ್ತಿಯಲ್ಲಿ ಕೂತರು. ನನ್ನ ಮಾದರಿ ಸಣ್ಣದು, ಪರಿಚಯದಿಂದ ಪರಿಚಯಕ್ಕೆ ಹೋದದ್ದು, ಜಿಲ್ಲೆಯ ಮಾತಾಗಿ ಇದನ್ನು ಹೇಳುವಂತಿಲ್ಲ ಎಂದೂ ಬರೆದೆ.

ವೈವಾ ಆನ್‌ಲೈನಿನಲ್ಲಿ ಆಯಿತು. ಶಿರಸಿ ಪೇಟೆಯ ಗೆಳತಿಯ ಮನೆಗೆ ಹೋಗಿ, ಅವಳ ಬ್ರಾಡ್‌ಬ್ಯಾಂಡಿನ ಪಕ್ಕ ಕೂತೆ. ಹೊರಗಿನ ಪರೀಕ್ಷಕರು ಟೇಬಲ್‌ಗಳನ್ನು ಬಿಟ್ಟು ನೇರ ದಿನಚರಿಗಳ ಅಧ್ಯಾಯಕ್ಕೇ ಬಂದರು. ಬೈತಖೋಲದ ಹುಡುಗ ಮೀನು ಹಿಡಿದದ್ದನ್ನು ಬಿಡುವು ಎಂದಿರಿ, ಹುಡುಗಿಯರು ಹಪ್ಪಳ ಮಾಡಿದ್ದನ್ನು ಕೆಲಸ ಎಂದಿರಿ, ಎರಡೂ ಮನೆಯ ಊಟಕ್ಕೇ ಅಲ್ಲವೇ ಎಂದು ಕೇಳಿದರು. ಹೇಳಿದೆ: ಗುರುತು ಹಾಕಿದ್ದು ಅವರವರೇ, ನಾನಲ್ಲ. ಹುಡುಗನಿಗೆ ಇವತ್ತು ಹೋಗುವುದಿಲ್ಲ ಎನ್ನುವ ಸ್ವಾತಂತ್ರ್ಯ ಇತ್ತು, ಹಪ್ಪಳದ ಅಂಗಳದಲ್ಲಿ ಅದಿರಲಿಲ್ಲ. ಅವರು ಒಪ್ಪಿದರೋ ಇಲ್ಲವೋ, ಮುಂದಿನ ಪ್ರಶ್ನೆಗೆ ಹೋದರು.

ಕಳೆದ ವರ್ಷ ಕಾರವಾರದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಯಾರಿಂದಲೋ ನನ್ನ ನಂಬರು ಪಡೆದು ಪ್ರಶ್ನಾವಳಿ ಕೇಳಿದಳು. ಈಗ ಕೊರೊನಾ ಇಲ್ಲ, ಹಾಸ್ಟೆಲಿನ ಹುಡುಗಿಯರ ಒತ್ತಡದ ಮೇಲೆ ಮಾಡುತ್ತಾಳಂತೆ. ಎಲ್ಲ ಕಳಿಸಿದೆ. ಬಿಡುವಿನ ಗಂಟೆ ಕೇಳುವ ಪ್ರಶ್ನೆ ತೆಗೆದುಹಾಕು, ದಿನಚರಿಯ ಹಾಳೆ ಇಟ್ಟುಕೋ, ಬಿಡುವಿನ ಹೊತ್ತಿನಲ್ಲಿ ನಿಮ್ಮನ್ನು ಎಷ್ಟು ಸಲ ಕರೆದರು ಎಂದು ಒಂದು ಸೇರಿಸು ಎಂದೆ. ಟಿಕ್‌ಟಾಕ್ ಇದ್ದ ಜಾಗಕ್ಕೆ ರೀಲ್ಸ್ ಹಾಕುತ್ತೇನೆ ಅಕ್ಕಾ, ಉಳಿದದ್ದು ಹಾಗೇ ಇರಲಿ ಅಂದಳು.